ನನ್ನ ಕಡೆಯ ಬ್ರೇಕು

ಜೂನ್ 4, ಬುಧವಾರ

ಕಲಿಯೋಕೆ ಬರೋ ಬ್ಯಾಂಕ್ ಮ್ಯಾನೇಜರ್ ಇವತ್ತೂ ಇಂಡಿಕೇಟರ್ ಹಾಕೋ ಬದಲು ವೈಪರ್ ಹಾಕಿದ. ಸುಡು ಬಿಸಿಲು, ವೈಪರ್ ಕುಣೀತಿದೆ, ಎದುರಿಗೆ ಹಾಲಿನ ವ್ಯಾನು. ನನ್ನ ಕಡೆಯೂ ಬ್ರೇಕ್ ಇದ್ದಿದ್ದಕ್ಕೆ ಸರಿಹೋಯ್ತು, ಇಲ್ಲದಿದ್ದರೆ ಇಬ್ಬರಿಗೂ ಹಾಲಲ್ಲೇ ಸ್ನಾನ. ಬೈದೆ. ಕಣ್ಣಲ್ಲಿ ನೀರು ತಂದುಕೊಂಡ. ತಂದುಕೊಳ್ಳಲಿ. ಈ ಊರಿನ ಅರ್ಧ ಸ್ಟೀರಿಂಗುಗಳು ನೆಟ್ಟಗೆ ತಿರುಗ್ತಿರೋದು ನನ್ನ ಬೈಗುಳದಿಂದ. ಡ್ರೈವಿಂಗ್ ಸ್ಕೂಲ್ ಅಂದ್ರೆ ನಂದು. ಉಳಿದವು ಬರೀ ಬೋರ್ಡು.

ಮಧ್ಯಾಹ್ನ ಅಕ್ಕನ ಫೋನು. ಅವಳ ಮಗಳು ಅನಸ್ತೇಶಿಯಾದ ಡಾಕ್ಟರ್ ಆಗಿ ಓದು ಮುಗೀತಲ್ಲ — ಮುಗಿದಿಲ್ಲವಂತೆ. ಹೃದಯದ ಆಪರೇಷನ್‌ಗೆ ಪ್ರಜ್ಞೆ ತಪ್ಪಿಸೋದಕ್ಕೆ ಇನ್ನೊಂದು ವರ್ಷದ ಟ್ರೈನಿಂಗು. ಫೆಲೋಶಿಪ್ ಅಂತೆ. ಓದಿ ಓದಿ ಕನ್ನಡಕದ ಗಾಜು ದಪ್ಪ ಆಯ್ತು, ಆಸೆ ತೆಳ್ಳಗಾಗಲಿಲ್ಲ. ಎರಡು ಆಸ್ಪತ್ರೆ ಕರೆದಿವೆ. ನೋಡಿ ಒಂದು ಆರಿಸಬೇಕು.

"ನೀನೂ ಹೋಗೋ. ನೀನಿದ್ರೆ ಅವಳಿಗೆ ಧೈರ್ಯ."

ಅದೇನು ಹೊಸ ವಿಷಯವಾ.

ಆಮೇಲೆ ಅಕ್ಕ ದನಿ ಇಳಿಸಿದಳು. ಹೋದ ತಿಂಗಳು ಡ್ಯೂಟಿಯಲ್ಲಿ ಒಬ್ಬ ಪೇಷಂಟ್‌ನ ಬಿ.ಪಿ. ದಬಕ್ಕನೆ ಬಿತ್ತಂತೆ. ಸೀನಿಯರ್‌ಗೆ ಫೋನ್ ಮಾಡಿದ್ದಾಳೆ. "ನೀವು ಡಾಕ್ಟರ್ ತಾನೆ?" ಅಂದು ಇಟ್ಟುಬಿಟ್ಟನಂತೆ. ಪೇಷಂಟ್ ಉಳಿದ. ಇವಳು ಅವತ್ತಿಂದ ಸರಿಯಾಗಿ ಉಣ್ತಿಲ್ಲ. ಈ ಸಲವೂ ಅಂಥ ಕಡೆ ಸೇರಿಕೊಂಡ್ರೆ ಹೃದಯದ ಸಹವಾಸವೇ ಬೇಡ, ಬಿಟ್ಟೇಬಿಡ್ತೀನಿ ಅಂದಿದ್ದಾಳಂತೆ.

ಬಲು ಸುಕುಮಾರಿ. ನನ್ನ ಕೈಯಲ್ಲಿ ಒಂದು ವಾರ ಗೇರ್ ಕಲಿತಿದ್ದರೆ ಗಟ್ಟಿಯಾಗಿರ್ತಿದ್ದಳು.

ಜೂನ್ 7, ಶನಿವಾರ

ಅವಳ ಕಾರು, ಅವಳೇ ಡ್ರೈವಿಂಗು. ನಾನು ಪಕ್ಕದ ಸೀಟು. ಸಿಗ್ನಲ್ ಬಂದಾಗಲೆಲ್ಲ ನನ್ನ ಕಾಲು ತಾನಾಗಿ ಮ್ಯಾಟು ತುಳೀತು.

"ಮಾವ, ಅಲ್ಲಿ ಬ್ರೇಕಿಲ್ಲ."

"ಗೊತ್ತಮ್ಮ ಡಾಕ್ಟ್ರಮ್ಮ. ಕಾಲು ನೋಯ್ತಿದೆ."

ನಕ್ಕಳು. ತಿಂಗಳಾದ ಮೇಲೆ ನಕ್ಕಿದ್ದಂತೆ — ಅಕ್ಕ ಆಮೇಲೆ ಹೇಳಿದ್ದು.

ಮೊದಲನೇ ಆಸ್ಪತ್ರೆ. ಆಹಾ! ಪೂರ್ತಿ ಗಾಜು. ಒಳಗೆ ಮೀನಿನ ತೊಟ್ಟಿ, ಸೆಂಟಿನ ವಾಸನೆ. ಅಂಥ ಕಡೆ ಕಾಯಿಲೆಗೂ ನಾಚಿಕೆ ಆಗಬೇಕು. ಚೀಫ್ ಟೈ ಕಟ್ಟಿದ್ದ, ಕಂಪ್ಯೂಟರ್‌ನಿಂದ ತಲೆ ಎತ್ತಲಿಲ್ಲ.

"ಮೊದಲನೇ ವಾರದಿಂದ ಕೇಸು ಒಬ್ಬರೇ ನೋಡ್ಕೋಬೇಕು. ಮಾತುಮಾತಿಗೆ ಫೋನ್ ಮಾಡೋರು ನನಗೆ ಬೇಡ."

"ಸರಿಯಾಗಿ ಹೇಳಿದ್ರಿ ಸಾರ್!" ಅಂದೆ. ನನ್ನ ಜಾತಿ ಮೇಷ್ಟ್ರು. ಆಗ ಮಾತ್ರ ತಲೆ ಎತ್ತಿದ — ಇದ್ಯಾವ ಪ್ರಾಣಿ ಅನ್ನೋ ಹಾಗೆ.

"ಈಗ ಟ್ರೈನಿಂಗಲ್ಲಿರೋ ಫೆಲೋಗಳ ಹತ್ತಿರ ಮಾತಾಡಬಹುದಾ ಸರ್?" ಇವಳು.

"ಬ್ಯುಸಿ."

ಲಿಫ್ಟ್ ಹತ್ತಿರ ಅಂಥ ಫೆಲೋ ಒಬ್ಬ ಸಿಕ್ಕ. ಗೋಡೆಗೊರಗಿ ನಿಂತಲ್ಲೇ ನಿದ್ದೆ. ಇವಳು "ಹೇಗಿದೆ ಇಲ್ಲಿ?" ಅಂದ್ರೆ, ಮೇಲಿದ್ದ ಕ್ಯಾಮೆರಾ ನೋಡಿ "ಚೆನ್ನಾಗಿದೆ" ಅಂದ. ಬೆನ್ನೆಲುಬಿಲ್ಲದ ಹುಡುಗರು.

ಸಂಜೆ ಕಟಿಂಗ್ ಶಾಪಲ್ಲಿ, ಪೆಟ್ರೋಲ್ ಬಂಕಲ್ಲಿ, ಎದುರು ಮನೆ ನಿವೃತ್ತ ತಹಸೀಲ್ದಾರನಿಗೆ — ಎಲ್ಲರಿಗೂ ಹೇಳಿದೆ. ನಮ್ಮ ಹುಡುಗಿ ಗಾಜಿನ ಆಸ್ಪತ್ರೆಗೆ!

ಜೂನ್ 9, ಸೋಮವಾರ

ಎರಡನೇದು. ಇದಕ್ಕೆ ಆಸ್ಪತ್ರೆ ಅಂತ ಹೆಸರು. ಗೋಡೆ ಸುಣ್ಣ ಮೈಗೆ ಹತ್ತುತ್ತೆ, ಫ್ಯಾನು ಯೋಚನೆ ಮಾಡಿ ಮಾಡಿ ತಿರುಗುತ್ತೆ. ಚೀಫ್ ಒಬ್ಬ ಗಿಡ್ಡ ಹೆಂಗಸು, ರಬ್ಬರ್ ಚಪ್ಪಲಿ. ಬಾಗಿಲು ತಾನೇ ಹಿಡಕೊಂಡು ನಿಂತಳು! ಚೀಫ್‌ಗೆ ಇರಬೇಕಾದ ಗತ್ತೇ ಇಲ್ಲ.

ಇವಳಿಗೆ ಬಟ್ಟೆ ಬದಲಿಸೋಕೆ ಹೇಳಿ ಆಪರೇಷನ್ ಥಿಯೇಟರ್ ಒಳಗೇ ಕರಕೊಂಡು ಹೋದಳು. ನನಗೆ ಬೆಂಚು. ಮಧ್ಯಾಹ್ನ ಬಂದ ಇವಳ ಮುಖ ನೋಡಬೇಕಿತ್ತು — ಉಂಡವಳ ಮುಖ.

"ಮಾವ, ಆಪರೇಷನ್ ಮುಗಿಸಿ, ಹೃದಯದ ಬದಲು ಓಡೋ ಮಿಷಿನ್ ನಿಲ್ಲಿಸಿ, ಹೃದಯ ತಾನೇ ಬಡಿಯೋಕೆ ಬಿಡ್ತಾರಲ್ಲ, ಆಗಲೇ ಪ್ರೆಶರ್ ಬಿತ್ತು. ಫೆಲೋ ಹುಡುಗಿ 'ಮೇಡಂ' ಅಂತ ತಿರುಗಿದ್ರೆ ಮೇಡಂ ಹಿಂದೇನೇ ನಿಂತಿದ್ರು. ಕೈ ಹಿಂದಕ್ಕೆ ಕಟ್ಟಿಕೊಂಡು. 'ಏನನ್ನಿಸ್ತಿದೆ, ಹೇಳು' ಅಂದ್ರು ಅಷ್ಟೇ. ಅವಳೇ ಹೇಳಿದ್ಲು, ಅವಳೇ ಔಷಧಿ ಕೊಟ್ಲು, ಸರಿಹೋಯ್ತು. ಆಮೇಲೆ ಎಲ್ಲರೂ ಟೀ ಕುಡೀತಾ ಅದನ್ನೇ ಮಾತಾಡಿದ್ರು."

"ಬೈಲಿಲ್ವಾ?"

"ಇಲ್ಲ."

"ಮತ್ತೆ ಕಲಿಯೋದು ಹೆಂಗೆ?"

ಹಿಂದೇನೇ ಬಂದಿದ್ದ ಆ ಗಿಡ್ಡಮ್ಮ ಕೇಳಿಸಿಕೊಂಡಳು. ನನ್ನ ಕೆಲಸ ಏನು ಅಂತ ವಿಚಾರಿಸಿದಳು. ಎದೆ ಉಬ್ಬಿಸಿ ಹೇಳಿದೆ — ನನ್ನ ಹತ್ತಿರ ಬಂದ ಗಂಡಸರೂ ಮೊದಲನೇ ದಿನ ಅಳ್ತಾರೆ ಅಂತ.

"ಅಳಿಸದೇ ಕಲಿಸೋಕೆ ಬರಲ್ವಾ ನಿಮಗೆ?"

ಪಾಪ, ನಿಜವಾಗಿ ತಿಳಕೊಳ್ಳೋಕೆ ಕೇಳಿದ ಹಾಗೆ! ಒಳ್ಳೆ ಉತ್ತರ ಹೊಳೀತು. ಮನೆಗೆ ಬಂದ ಮೇಲೆ.

ಜೂನ್ 10, ಮಂಗಳವಾರ

ಸುಣ್ಣದ ಆಸ್ಪತ್ರೆಯೇ ಬೇಕಂತೆ. ನನ್ನ ಮರ್ಯಾದೆ? ತಹಸೀಲ್ದಾರನಿಗೆ ಏನು ಹೇಳಲಿ?

ತಲೆ ಓಡಿಸಿದೆ. ಗಾಜಿನ ಆಸ್ಪತ್ರೆಗೆ ಫೋನ್ ಹಚ್ಚಿ, ದನಿ ದಪ್ಪ ಮಾಡಿ, "ಹುಡುಗಿ ತಂದೆ ಮಾತಾಡ್ತಿರೋದು, ಸೀಟು ಒಪ್ಪಿದ್ದಾಳೆ" ಅಂದೆ. ಭಾವ ಎಂದೂ ಇಷ್ಟು ಚೆನ್ನಾಗಿ ಮಾತಾಡಿಲ್ಲ.

ಜೂನ್ 11

ಸಿಕ್ಕಿಬಿದ್ದೆ. ಚೀಫೇ ಅವಳಿಗೆ ಫೋನ್ ಮಾಡಿದ. ಅಕ್ಕನ ಮನೆ ಅಡುಗೆಮನೆಯಲ್ಲಿ ನನ್ನೆದುರಿಗೇ ಸ್ಪೀಕರ್ ಹಾಕಿದಳು. ಸೋಮವಾರ ಬಂದು ಸೇರಿ, ಆಮೇಲೆ ಬಿಟ್ಟು ಹೋಗೋ ಹಾಗಿಲ್ಲ ಅಂದ. ಇವಳು ನನ್ನನ್ನೇ ನೋಡ್ತಾ ಒಂದು ಪ್ರಶ್ನೆ ಕೇಳಿದಳು.

"ಸರ್, ಪ್ರೆಶರ್ ಬಿದ್ದು ನಾನು ಕರೆದ್ರೆ ಯಾರು ಬರ್ತಾರೆ?"

"ಯಾಕೆ ಬರಬೇಕು? ನೀವು ಡಾಕ್ಟರ್ ತಾನೆ?"

ಅದೇ ಮಾತು. ಅಕ್ಷರ ಆಚೀಚೆ ಇಲ್ಲ.

"ನಾನು ಒಪ್ಪಿಲ್ಲ ಸರ್, ಬರಲ್ಲ" ಅಂದು ಇಟ್ಟಳು. ಬೈತಾಳೆ ಅಂದುಕೊಂಡೆ. ಬೈಯಲಿಲ್ಲ. ಎದ್ದು ಹೋದಳು. ಅಕ್ಕ ಕೊಟ್ಟ ಕಾಫಿಯಲ್ಲಿ ಸಕ್ಕರೆಯೂ ಇರಲಿಲ್ಲ.

ಜೂನ್ 14, ಶನಿವಾರ

ಇವತ್ತು ಸ್ಕೂಲಿಗೇ ಬಂದಳು. ನನ್ನ ಸ್ಕೂಲ್ ಕಾರಿನ ಡ್ರೈವರ್ ಸೀಟಲ್ಲಿ ಕೂತಳು. ನಾನು ಪಕ್ಕದಲ್ಲಿ. ಒಂದು ರೌಂಡ್ ಆಯ್ತು.

"ಮಾವ, ನಿನ್ನ ಕಡೆ ಬ್ರೇಕ್ ಯಾಕಿದೆ?"

"ದಡ್ಡ ಮುಂಡೇವು ಗುದ್ದಬಾರದಲ್ಲ."

"ಇಲ್ದಿದ್ರೆ ಕಲಿಸೋಕೆ ಕೂರ್ತಿದ್ದೆಯಾ?"

"ನನಗೇನು ಹುಚ್ಚಾ?"

ಅಷ್ಟೇ. ಗಾಡಿ ನಿಲ್ಲಿಸಿ, ಕೀ ನನ್ನ ಕೈಗಿಟ್ಟು, ಒಂದನೇ ತಾರೀಕು ಸೇರ್ತೀನಿ ಅಂದಳು. ಎಲ್ಲಿಗೆ ಅಂತ ಕೇಳೋದೇನಿದೆ, ಸುಣ್ಣದ ಆಸ್ಪತ್ರೆಗೆ.

ಕಟಿಂಗ್ ಶಾಪಲ್ಲಿ ತಿದ್ದಿ ಹೇಳಿದೆ: ಗಾಜಿನ ಆಸ್ಪತ್ರೆ ಯಾರಿಗೆ ಬೇಕು? ತೊಟ್ಟಿ ಮೀನು ನೋಡೋಕಾ? ನನ್ನ ಕಾರು ನೋಡಿಯೇ ಅವಳು ಆರಿಸಿದ್ದು. ಅಂದ್ರೆ ಆರಿಸಿದ್ದು ನಾನು.

ಜುಲೈ 3, ಗುರುವಾರ

ಮ್ಯಾನೇಜರ್ ಮತ್ತೆ ವೈಪರ್. ಬೈಯೋಕೆ ಬಾಯಿ ತೆಗೆದವನು ಯಾಕೋ ಕೈ ಕಟ್ಟಿಕೊಂಡೆ. ಕಾಲು ಬ್ರೇಕಿನ ಮೇಲೇ ಇತ್ತು.

"ಏನನ್ನಿಸ್ತಿದೆ ಹೇಳಿ ಸಾರ್" ಅಂದೆ.

ಗಾಬರಿಯಾಗಿ ಗಾಡಿ ಆಫ್ ಮಾಡಿದ. "ಹುಷಾರಿಲ್ವಾ ನಿಮಗೆ?" ಅಂತ ಕೇಳ್ತಾನೆ. ಇಂಥವರಿಗೆ ಅದೆಲ್ಲ ದಂಡ. ಆದರೂ ಆಮೇಲೆ ಇಂಡಿಕೇಟರ್ ಹಾಕಿದ. ಆಕಸ್ಮಿಕ.

ಸಂಜೆ. ಇದನ್ನ ಬರೀತಿರುವಾಗಲೇ ಅವಳ ಫೋನು. ಹಿನ್ನೆಲೆಯಲ್ಲಿ ಟೀ ಲೋಟದ ಸದ್ದು. ಮೊದಲನೇ ಕೇಸು ಮುಗೀತಂತೆ. ಮಿಷಿನ್ ನಿಲ್ಲಿಸಿದ ಮೇಲೆ ಪ್ರೆಶರ್ ಬಿತ್ತಂತೆ. ನನ್ನ ಕಾಲು ಮೇಜಿನ ಕೆಳಗೆ ನೆಲ ತುಳೀತು.

"ಕರೆದೆಯಾ?" ಅಂದೆ.

"ಕರೆಯೋಕೆ ಅಂತ ತಿರುಗಿದೆ ಮಾವ, ಅಷ್ಟರಲ್ಲಿ ಮೇಡಂ ಹಿಂದೇನೇ ಬಂದು ನಿಂತಿದ್ರು. 'ಏನನ್ನಿಸ್ತಿದೆ, ಹೇಳು' ಅಂದ್ರು, ನಾನೇ ಔಷಧಿ ಕೊಟ್ಟೆ."