ಜನ್ಮದಲ್ಲಾಗದ್ದಕ್ಕೆ ಎರಡು ದಿನ

ಮಾರ್ಚ್ ೧೧, ಮಂಗಳವಾರ, ರಾತ್ರಿ ಹತ್ತೂಕಾಲು.

ಹೆಂಡತಿಯ ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಯಲ್ಲಿ ಬಿಟ್ಟು ಬಂದೆ. ಆಸ್ಪತ್ರೆಯಲ್ಲಿದ್ದಾಗ ಅವಳು ನನಗೆಂದು ಮಾತಾಡಿ ರೆಕಾರ್ಡ್ ಮಾಡಿಟ್ಟದ್ದೆಲ್ಲ ಅದರಲ್ಲಿದೆ. ಬೀಗ ತೆಗೆಯುವುದು ಹೇಗೆಂದು ಹೇಳುವ ಮೊದಲೇ ಹೋಗಿಬಿಟ್ಟಳು.

ಅಂಗಡಿಯವನು ಚೀಟಿಯ ಮೇಲೆ ಗುಣಾಕಾರ ಮಾಡಿ ತೋರಿಸಿದ. “ಎರಡು ದೊಡ್ಡ ಅವಿಭಾಜ್ಯ ಸಂಖ್ಯೆ ಗುಣಿಸೋದು ಸುಲಭ, ಅಣ್ಣಾ. ಉತ್ತರ ಕೊಟ್ಟು ಆ ಎರಡನ್ನ ಹುಡುಕು ಅಂದ್ರೆ ನಮ್ಮ ಜನ್ಮದಲ್ಲಿ ಆಗಲ್ಲ. ಅತ್ತಿಗೆ ಗಣಿತದ ಟೀಚರಲ್ವಾ, ಅಂಥ ಬೀಗಾನೇ ಹಾಕಿದ್ದಾರೆ.”

“ಹಾಗಾದ್ರೆ ವಾಪಸ್ ಕೊಡಪ್ಪ.”

“ಇರ್ಲಿ ಬಿಡಿ, ಎರಡು ದಿನ ನೋಡ್ತೀನಿ.”

ಜನ್ಮದಲ್ಲಾಗದ್ದು ಎರಡು ದಿನದಲ್ಲಿ ಹೇಗಾಗುತ್ತದೆ? ಆಗದಿದ್ದರೆ ಅವನಿಗೆ ಅದೇಕೆ ಬೇಕು? ಆಗಿಬಿಟ್ಟರೆ ಅವಳ ದನಿಯನ್ನು ನನಗಿಂತ ಮೊದಲು ಅವನು ಕೇಳುತ್ತಾನೆ. ಇದು ಹೊಳೆದದ್ದು ಮನೆಗೆ ಬಂದ ಮೇಲೆ. ಆಸೆ ನನ್ನನ್ನು ಪೆದ್ದನನ್ನಾಗಿ ಮಾಡಿತು.

ನಾಳೆ ಅಂಗಡಿ ಒಂಬತ್ತಕ್ಕೆ ತೆರೆಯುತ್ತದೆ.