ಶುಕ್ರವಾರದ ದಾಲ್

ಓಲ್ಡ್ ಏರ್‌ಪೋರ್ಟ್, ದೋಹಾ
2 ಜನವರಿ 2026, ಶುಕ್ರವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯಾ? ಚಳಿಗೆ ಮೊಣಕಾಲು ನೋವು ಮತ್ತೆ ಶುರುವಾಗಿದೆ ಎಂದು ತಮ್ಮ ದಿವಾಕರ ಹೇಳಿದ. ಊರಿಗೆ ಹೊರಟಿರುವ ಕೆಳಗಿನ ಅಂಗಡಿಯ ಮೊಯ್ದಿನ್ ಕೈಯಲ್ಲಿ ಎಣ್ಣೆಯ ಎರಡು ಬಾಟಲಿ ಕಳಿಸಿದ್ದೇನೆ, ಹಚ್ಚಿಕೋ. ಫಾರಿನ್ನಿನದು ಎಂದು ಕಪಾಟಿನಲ್ಲಿಟ್ಟು ಪೂಜೆ ಮಾಡಬೇಡ. ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಇಲ್ಲಿ ನಾವು ಸೌಖ್ಯ. ದೋಹಾದಲ್ಲೂ ಈಗ ಚಳಿ. ನೀನು ನಂಬಲಿಕ್ಕಿಲ್ಲ, ನಿನ್ನ ಸೊಸೆ ಸುಗಂಧಿ ಸ್ವೆಟರ್ ಹಾಕಿಕೊಂಡು ಕ್ಲಿನಿಕ್‌ಗೆ ಹೋಗುತ್ತಾಳೆ. ನನ್ನದು ಮೆಸಯೀದ್‌ನ ಅದೇ ಆಫೀಸು. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ನಿದ್ದೆ, ಸಂಜೆ ಕಂಪನಿ ಬಸ್ಸಿನಲ್ಲಿ ನಿದ್ದೆ, ನಡುವೆ ಸ್ವಲ್ಪ ಕೆಲಸ.

ಎರಡು ದಿನಕ್ಕೊಮ್ಮೆ ಫೋನ್ ಮಾಡುವವನು ಪತ್ರ ಯಾಕೆ ಬರೆದ ಎಂದು ಕನ್ನಡಕ ಹುಡುಕುವಾಗಲೇ ನಿನಗೆ ಗಾಬರಿಯಾಗಿರುತ್ತದೆ. ಗಾಬರಿ ಬೇಡ. ಕಿವಿ ಸರಿಯಾಗಿ ಕೇಳಿಸುವುದಿಲ್ಲವೆಂದು ನೀನು ಸ್ಪೀಕರ್ ಹಾಕುತ್ತೀಯ, ಪಕ್ಕದಲ್ಲಿ ಗ್ರೀಷ್ಮಾ ಕೂತಿರುತ್ತಾಳೆ. ಅವಳ ವಿಷಯವನ್ನು ಅವಳ ಎದುರಿಗೇ ಹೇಳುವುದು ಹೇಗೆ? ಕನ್ನಡದಲ್ಲಿ ಬರೆದರೆ ಆ ಚಿಂತೆಯಿಲ್ಲ. ನನ್ನ ಮಗಳಿಗೆ ತುಳು ಮಾತಾಡಲು ಬರುತ್ತದೆ, ಕನ್ನಡ ಓದಲು ಬರುವುದಿಲ್ಲ. ಇಲ್ಲಿಯ ಶಾಲೆಯಲ್ಲಿ ಅವಳು ಹಿಂದಿ ತೆಗೆದುಕೊಂಡಳು. ಪ್ರತಿ ರಜೆಯಲ್ಲೂ ಅಕ್ಷರ ಕಲಿಸುತ್ತೇನೆ ಎಂದೆ, ಕಲಿಸಲಿಲ್ಲ. ಈ ಪತ್ರ ಮೇಜಿನ ಮೇಲೆ ಬಿಚ್ಚಿ ಬಿದ್ದಿದ್ದರೂ ಅವಳಿಗೆ ಗೊತ್ತಾಗದು ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ. ಹೆತ್ತ ಅಪ್ಪನಿಗೆ ಇಂಥ ಧೈರ್ಯ ಬರಬಾರದಿತ್ತು.

ನವೆಂಬರ್ ಕೊನೆಗೆ ಒಂದು ದಿನ ಅವಳು ಸ್ನಾನಕ್ಕೆ ಹೋಗಿದ್ದಾಗ ನೀನು ಫೋನ್ ಮಾಡಿ ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ಮಗು ನನ್ನ ಕೈಯ ಅಡಿಗೆ ಮುಟ್ಟುದಿಲ್ಲ ಮಾರಾಯ, ಹೋಟೆಲಿಂದ ತರಿಸಿ ತಿಂದು ಡಬ್ಬಿ ಮಂಚದಡಿ ಇಡ್ತಾಳೆ" ಎಂದೆ. ಸುರತ್ಕಲ್ಲಿನಲ್ಲಿ ಯಾರ ಮನೆಯ ಬಯಕೆ ಊಟವಿರಲಿ, ನಾಮಕರಣವಿರಲಿ, ಸಾರಿಗೆ ಉಪ್ಪು ನೋಡಲು ನಿನ್ನನ್ನೇ ಕರೆಯುತ್ತಾರೆ. ಅಂಥವಳ ಮನೆಯಲ್ಲಿ ಮೊಮ್ಮಗಳು ಪಾರ್ಸೆಲ್ ತರಿಸಿ ಕದ್ದು ತಿನ್ನುತ್ತಾಳೆ ಎಂದರೆ ನಿನಗೆ ಎಷ್ಟು ನೋವಾಗಿರಬೇಕು ಎಂದು ನನಗೆ ಗೊತ್ತು. ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ಹೋಟೆಲಿನದ್ದನ್ನೂ ಅವಳು ತಿನ್ನುತ್ತಿಲ್ಲ. ಎರಡು ಚಮಚ ತಿಂದು ಮುಚ್ಚಿಡುತ್ತಾಳೆ. ನನಗೆ ಮೆಸೇಜ್ ಕಳಿಸಿದ್ದಳು: ಪಪ್ಪಾ, ಇದು ನಮ್ಮ ದಾಲ್ ಅಲ್ಲ, ನಾನು ವಾಪಸ್ ಬರ್ಲಾ? ನಾನು ನೋಡೋಣ ಎಂದು ಬರೆದೆ. ನನ್ನ ನೋಡೋಣ ಎಂದರೆ ಇಲ್ಲ ಎಂದರ್ಥ, ಅದು ನಿನಗೂ ಗೊತ್ತು, ಅವಳಿಗೂ ಗೊತ್ತು.

"ನಮ್ಮ ದಾಲ್" ಯಾವುದೆಂದು ಹೇಳುತ್ತೇನೆ ಕೇಳು. ನಮ್ಮ ಬಿಲ್ಡಿಂಗಿನ ಕೆಳಗೆ ಒಂದು ಹೋಟೆಲ್ ಇದೆ. ಬೋರ್ಡು ಪಂಜಾಬಿನದು, ಯಜಮಾನ ಮಲಯಾಳಿ, ಅಡುಗೆಯವ ನೇಪಾಳಿ, ತಿನ್ನುವವರು ತುಳುವರು. ಅಲ್ಲಿಯ ದಾಲ್ ಮಖನಿ, ಅಂದರೆ ಇಡೀ ಉದ್ದನ್ನು ಬೆಣ್ಣೆ ಹಾಕಿ ಬೇಯಿಸಿದ ಕಪ್ಪು ದಾಲ್, ನಮ್ಮ ಶುಕ್ರವಾರದ ಊಟ. ವಾರವಿಡೀ ಸುಗಂಧಿಗೂ ನನಗೂ ಡ್ಯೂಟಿ; ರಜೆಯ ದಿನವಾದರೂ ಅವಳು ಒಲೆಯ ಮುಂದೆ ನಿಲ್ಲುವುದು ಬೇಡವೆಂದು ಶುರುವಾದದ್ದು. ಗ್ರೀಷ್ಮಾ ಹಲ್ಲು ಬರುವ ಮೊದಲೇ ಖುಬೂಸ್ ರೊಟ್ಟಿಯ ಚೂರನ್ನು ಅದರಲ್ಲಿ ಅದ್ದಿ ಚೀಪಿದವಳು. ಜ್ವರ ಬಿಟ್ಟ ದಿನ ಅದನ್ನೇ ಕೇಳುತ್ತಿದ್ದಳು. ಪರೀಕ್ಷೆ ಮುಗಿದ ದಿನವೂ ಅದೇ. ನಾವಿಬ್ಬರು ಅದನ್ನು ಹೊರಗಿನ ಊಟ ಎಂದೆವು. ನಿನ್ನ ಕುಚ್ಚಲಕ್ಕಿ ಗಂಜಿ, ಬಸಳೆ ಪದಾರ್ಥವನ್ನು ಮನೆಯೂಟ ಎಂದೆವು. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ನಿನ್ನ ಕೈಯಲ್ಲಿ ಉಂಡು ಹೋದ ಮಗುವಿಗೆ ಅದು ಮನೆಯೂಟವಾಗುವುದು ಹೇಗೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ಹಾಗಾಗಿ ನಾನೇ ಆ ದಾಲ್ ಮಾಡಿ ಕಳಿಸುತ್ತೇನೆ ಎಂದು ಹೊರಟೆ. ನಗಬೇಡ. ಚಹಾ ಬಿಟ್ಟರೆ ಏನೂ ಬಾರದ ನಿನ್ನ ಮಗ ಡಿಸೆಂಬರಿನ ಎಲ್ಲ ಶುಕ್ರವಾರಗಳನ್ನು ಅಡುಗೆಮನೆಯಲ್ಲಿ ಕಳೆದಿದ್ದಾನೆ. ಮೊದಲನೆಯ ಸಲ ಕುಕ್ಕರಿನಲ್ಲಿ ಬೇಯಿಸಿದೆ. ಅದು ದಾಲ್ ಆಗಲಿಲ್ಲ, ಉದ್ದಿನ ಕಷಾಯವಾಯಿತು. ಆಮೇಲೆ ವೀಡಿಯೊ ನೋಡಿದೆ. ಹೋಟೆಲಿನ ರುಚಿ ಬರಬೇಕಾದರೆ ಕೆಂಡವನ್ನು ಬಟ್ಟಲಿನಲ್ಲಿಟ್ಟು, ಮೇಲೆ ತುಪ್ಪ ಹನಿಸಿ, ಆ ಹೊಗೆಯನ್ನು ಪಾತ್ರೆಯೊಳಗೆ ಮುಚ್ಚಿಡಬೇಕಂತೆ. ಕೆಂಡಕ್ಕೆ ಇಲ್ಲಿ ಎಲ್ಲಿ ಹೋಗುವುದು? ಕೆಳಗೆ ಮೊಯ್ದಿನ್ ಅಂಗಡಿಯಲ್ಲಿ ಬಖೂರ್ ಹಾಕುವ ಇದ್ದಿಲು ಸಿಗುತ್ತದೆ. ಬಖೂರ್ ಎಂದರೆ ಅರಬರ ಧೂಪ. ಕಡ್ಡಿ ಗೀರಿದ ಕೂಡಲೇ ಚಿಟಿಚಿಟಿ ಹತ್ತಿಕೊಳ್ಳುವ ದುಂಡಗಿನ ಇದ್ದಿಲು ಅದು. ಬೇಗ ಹತ್ತಲೆಂದೇ ಅದಕ್ಕೆ ಮದ್ದು ಹಾಕಿರುತ್ತಾರೆ ಎಂಬುದು ನನಗೆ ಗೊತ್ತಾಗಬೇಕಿತ್ತು. ಗೊತ್ತಾದದ್ದು ಬೆಂಕಿಯ ಅಲಾರಂ ಕೂಗಿ, ಕೆಳಗಿನ ಮನೆಯ ಹಬೀಬಾ ಮಕ್ಕಳನ್ನು ಎತ್ತಿಕೊಂಡು ಮೆಟ್ಟಿಲಿಳಿದ ಮೇಲೆ. ಸುಗಂಧಿ ಪೇಟೆಯಿಂದ ಬಂದು ಒಂದು ಚಮಚ ಬಾಯಿಗಿಟ್ಟು, "ದಾಲಿಗೆ ಪಟಾಕಿ ಹಾಕಿದ್ರಾ?" ಎಂದಳು. ಇಡೀ ಪಾತ್ರೆ ಚೆಲ್ಲಿದೆವು. ಹಬೀಬಾಳಿಗೆ ಒಂದು ಡಬ್ಬಿ ಖರ್ಜೂರ ಕೊಟ್ಟು ಕ್ಷಮೆ ಕೇಳಿದ್ದಾಯಿತು.

ಕೊನೆಗೆ ಸರಿಯಾಯಿತು. ಗುರುವಾರ ಸಂಜೆಯೇ ಸಣ್ಣ ಉರಿಯಲ್ಲಿಟ್ಟು, ಆಗಾಗ ಸೌಟಿನಿಂದ ಪಾತ್ರೆಯ ಬದಿಗೆ ಒತ್ತಿ ಮಸೆಯುತ್ತ, ಬೆಣ್ಣೆಯನ್ನು ಕೈ ಹಿಡಿಯದೆ ಹಾಕಿ, ಕಸೂರಿ ಮೇಥಿಯನ್ನು ಅಂಗೈಯಲ್ಲಿ ತಿಕ್ಕಿ ಉದುರಿಸಿದರೆ ಬಣ್ಣವೂ ಬಂತು, ಆ ನುಣುಪೂ ಬಂತು. ಆದರೂ ಏನೋ ಕಡಿಮೆ. ಸುಗಂಧಿಯೂ ಹಾಗೇ ಹೇಳಿದಳು. ನೇಪಾಳಿಯ ಗುಟ್ಟು ಏನಿರಬಹುದೆಂದು ಕೆಳಗಿಳಿದು ಹೋಟೆಲಿನಲ್ಲೇ ಕೂತು ತರಿಸಿದೆವು. ಗ್ರೀಷ್ಮಾ ಹೋದ ಮೇಲೆ ನಾವು ಅಲ್ಲಿ ಕೂತದ್ದು ಅದೇ ಮೊದಲು. ನನಗೆ ಆಶ್ಚರ್ಯ, ಅವರ ದಾಲಿನಲ್ಲೂ ಅದೇ ಕಡಿಮೆ! ಅಡುಗೆಯವನು ಬದಲಾದನೋ ಎಂದು ಇಣುಕಿ ನೋಡಿದೆ, ಅವನೇ ಇದ್ದ. ಅಷ್ಟರಲ್ಲಿ ನನ್ನ ಕೈ ತಾನಾಗಿಯೇ ಸುಗಂಧಿಯ ಬ್ಯಾಗಿನ ಕಡೆ ಹೋಯಿತು. ಅವಳು ನನ್ನ ಮುಖ ನೋಡಿ, "ಬಾಟ್ಲಿ ತರ್ಲಿಲ್ಲ. ಅವಳಿಲ್ಲದೆ ಯಾಕೆ ಅಂತ" ಎಂದಳು.

ಅದು ನಿನ್ನ ಬಾಟಲಿ ಅಮ್ಮಾ. ನೀನು ಪ್ರತಿ ವರ್ಷ ಊರಿನಿಂದ ಬರುವವರ ಕೈಯಲ್ಲಿ ಕಳಿಸುವ ಮಾವಿನ ಮಿಡಿ ಉಪ್ಪಿನಕಾಯಿ. ಸುಗಂಧಿ ಅದರ ರಸವನ್ನು ಸಣ್ಣ ಬಾಟಲಿಗೆ ಬಸಿದು ಬ್ಯಾಗಿನಲ್ಲಿ ಹೋಟೆಲಿಗೆ ಒಯ್ಯುತ್ತಿದ್ದಳು. ಸಪ್ಪೆ ದಾಲ್ ಎಂದು ಗೊಣಗಿ ನಾವು ಮೂವರೂ ತಟ್ಟೆಗೆ ಎರಡೆರಡು ಚಮಚ ಸುರಿದುಕೊಳ್ಳುತ್ತಿದ್ದೆವು. ಹೋಟೆಲಿನಲ್ಲಿ ಕೂತು ಸ್ವಂತ ಉಪ್ಪಿನಕಾಯಿ ಬಿಚ್ಚುವ ಜನ ನಮ್ಮವರಲ್ಲದೆ ಇನ್ನಾರು? ಸಪ್ಲೈಯರ್ ಸ್ಯಾಮ್ಯುಯೆಲ್ ಮೊದಮೊದಲು ಮುಖ ಸಿಂಡರಿಸಿದರೂ ಆಮೇಲೆ ತಾನೂ ಒಂದು ಹನಿ ನಾಲಗೆಗೆ ಹಚ್ಚಿಕೊಂಡು ಹೋಗುತ್ತಿದ್ದ. ಎಷ್ಟು ರೂಢಿಯಾಗಿತ್ತೆಂದರೆ ಹೊರಗಿನಿಂದ ಹಾಕಿದ್ದೆಂಬುದೇ ನಮಗೆ ಮರೆತಿತ್ತು. ಗ್ರೀಷ್ಮಾಳಿಗಂತೂ ದಾಲ್ ಎಂದರೆ ಆ ಹುಳಿಯೂ ಸೇರಿದ್ದೇ. ನೀನು ಬಾಯಿಗೆ ಹಿತವಾಗಲಿ ಎಂದು ಅವಳ ಎಲೆಗೆ ಉಪ್ಪಿನಕಾಯಿ ಹಾಕುವುದೇ ಇಲ್ಲ, ಮಗುವಿಗೆ ಖಾರ ಎನ್ನುತ್ತೀಯ. ಬಿಪಿ ಎಂದು ನೀನೂ ಮುಟ್ಟುವುದಿಲ್ಲ, ಹಾಕಿದ್ದನ್ನೆಲ್ಲ ನಮಗೇ ಕಳಿಸುತ್ತೀಯ. ಅವಳು ಹುಡುಕುವ ರುಚಿ ಮಾಡುವ ಕೈ ಪಕ್ಕದ ಕೋಣೆಯಲ್ಲೇ ಮಲಗುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ನಿನಗೂ ಗೊತ್ತಿರಲಿಲ್ಲ.

ಮೊಯ್ದಿನ್ ತರುವ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ನಾನು ಮಾಡಿದ ದಾಲ್ ಐಸ್‌ಗಡ್ಡೆಯಾಗಿದೆ. ಬಂದ ಕೂಡಲೇ ಫ್ರೀಜರಿಗೆ ಹಾಕು. ಬೇಕಾದಾಗ ಹೊರಗೆ ತೆಗೆದು ತಾನಾಗಿ ಕರಗಲು ಬಿಡು, ಸಣ್ಣ ಉರಿಯಲ್ಲಿ ಬಿಸಿ ಮಾಡು, ಗಟ್ಟಿಯಾದರೆ ಬಿಸಿನೀರು ಹಾಕು. ದಮ್ಮಯ್ಯ, ಸಾಸಿವೆ ಬೇವಿನೆಲೆಯ ಒಗ್ಗರಣೆ ಕೊಡಬೇಡ. ನಿನ್ನ ಕೈ ಸುಮ್ಮನಿರುವುದಿಲ್ಲ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ಅದರ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಾಟಲಿಯಿದೆ. ನಮ್ಮ ಫ್ರಿಜ್ಜಿನಲ್ಲಿ ಉಳಿದಿದ್ದ ನಿನ್ನ ಉಪ್ಪಿನಕಾಯಿಯ ಕೊನೆಯ ರಸ. ಬಡಿಸುವಾಗ ಎರಡು ಚಮಚ ಮೇಲಿನಿಂದ ಹಾಕಿ ಕಲಸದೆ ಕೊಡು. ನೀನು ಕಳಿಸಿದ್ದನ್ನು ನಿನಗೇ ವಾಪಸ್ ಕಳಿಸುತ್ತಿದ್ದೇನೆ, ಬೇಸರ ಮಾಡಬೇಡ.

ಅಮ್ಮಾ, ಗ್ರೀಷ್ಮಾಳನ್ನು ಕಾಲೇಜಿಗೆಂದು ಅಲ್ಲಿಗೆ ಕಳಿಸಿದ್ದಕ್ಕೆ ನನಗೆ ಪಶ್ಚಾತ್ತಾಪವಾಗಿದೆ. ಇಲ್ಲಿಯೂ ಈಗ ನಮ್ಮ ದೇಶದ ಕಾಲೇಜಿನ ಶಾಖೆಗಳು ಬಂದಿವೆ, ಹೇಗೋ ಸೇರಿಸಬಹುದಿತ್ತು. ಊರು ಗೊತ್ತಾಗಲಿ, ಅಜ್ಜಿಯ ಕೈಕೆಳಗೆ ನಾಲ್ಕು ಒಳ್ಳೆಯದು ಕಲಿಯಲಿ ಎಂದು ನಾನೇ ನಿರ್ಧಾರ ಮಾಡಿದೆ. ಸುಗಂಧಿಗೆ ಮನಸ್ಸಿರಲಿಲ್ಲ. ಗ್ರೀಷ್ಮಾಳನ್ನು ಕೇಳಲೇ ಇಲ್ಲ. ಏರ್‌ಪೋರ್ಟಿನಲ್ಲಿ ಅವಳನ್ನು, "ನಿನ್ನ ಊರಿಗೆ ಹೋಗುತ್ತಿದ್ದೀಯ, ಅಳುವುದು ಯಾಕೆ?" ಎಂದು ಗದರಿದೆ. ಅವಳು ಬಿಟ್ಟು ಹೋಗುತ್ತಿದ್ದದ್ದೇ ಅವಳ ಊರು ಎಂದು ಆ ಇದ್ದಿಲಿನ ಹೊಗೆಯಲ್ಲಿ ಕೆಮ್ಮುತ್ತ ನಿಂತಾಗ ಹೊಳೆಯಿತು. ನಿನಗೂ ಅನ್ಯಾಯ ಮಾಡಿದೆ. ಮುನಿಸಿಕೊಂಡ ಹುಡುಗಿಯನ್ನು ನಿನ್ನ ಮಡಿಲಿಗೆ ಹಾಕಿ, ನಿನ್ನ ಅಡುಗೆಯೇ ಸರಿಯಿಲ್ಲವೇನೋ ಎಂದು ಈ ವಯಸ್ಸಿನಲ್ಲಿ ನೀನು ಅನುಮಾನಪಡುವ ಹಾಗೆ ಮಾಡಿದೆ. ನಿನ್ನ ಅಡುಗೆಯಲ್ಲಿ ಯಾವ ದೋಷವೂ ಇಲ್ಲ.

ಮೊಯ್ದಿನ್ ಕೆಳಗೆ ಬಂದಿದ್ದಾನೆ. "ಯಲ್ಲಾ ಶರಣಣ್ಣ, ಚೆಕ್-ಇನ್ ಖಲಾಸ್ ಆಗ್ತದೆ" ಎಂದು ಕೂಗುತ್ತಿದ್ದಾನೆ. ದಿವಾಕರನಿಗೆ ನೆನಪು ಹೇಳು, ಬೈಕನ್ನು ಮೆಲ್ಲ ಓಡಿಸಲು ಹೇಳು. ಸುಗಂಧಿ ನಿನ್ನ ಕಾಲಿಗೆ ಬಿದ್ದೆ ಎಂದು ಬರೆಯಲು ಹೇಳಿದಳು. ನನ್ನದೂ ಅದರ ಜೊತೆಗಿರಲಿ. ನಿನ್ನ ಆಶೀರ್ವಾದ ನಮಗೆ ಬೇಕು, ಈಗ ಸ್ವಲ್ಪ ಹೆಚ್ಚೇ ಬೇಕು.

ಇಂತು ನಿನ್ನ ಮಗ,
ಶರಣ್

ತಾ.ಕ.: ಹೇಳಬೇಕಾದದ್ದನ್ನು ಬಿಟ್ಟೇಬಿಟ್ಟೆ. ಇಲ್ಲಿಯ ವಾಸದ ಪರವಾನಗಿ ಇರುವವರು ಆರು ತಿಂಗಳು ಹೊರಗಿದ್ದರೆ ಅದು ರದ್ದಾಗುತ್ತದೆ. ಗ್ರೀಷ್ಮಾಳ ಆರು ತಿಂಗಳು ಈ ತಿಂಗಳ ಕೊನೆಗೆ ಮುಗಿಯುತ್ತದೆ, ಆಮೇಲೆ ಬರುತ್ತೇನೆ ಎಂದರೂ ಬರಲಾಗದು. ಇದು ಅವಳಿಗೆ ಗೊತ್ತಿಲ್ಲ. ದಾಲ್ ತಿಂದು, ಉಪ್ಪಿನಕಾಯಿಯ ರುಚಿಗೆ ಒಲಿದು, ಆ ದಿನ ದಾಟುವವರೆಗೆ ಸುಮ್ಮನಿರಲಿ ಎಂದೇ ನಾನು ಪೆಟ್ಟಿಗೆ ಕಟ್ಟಿದ್ದು, ಪತ್ರ ಶುರು ಮಾಡಿದ್ದೂ ಅದಕ್ಕೇ. ಈಗ ಮನಸ್ಸು ಒಪ್ಪುತ್ತಿಲ್ಲ. ಮೊದಲು ಅವಳಿಗೆ ಬಡಿಸು, ಬಂಜಿ ದಿಂಜಿಂಡಾ ಎಂದು ಕೇಳು. ಹೊಟ್ಟೆ ತುಂಬಿದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಈ ಪತ್ರವನ್ನು ಮೊದಲ ಸಾಲಿನಿಂದ ಓದಿ ಹೇಳು. ನನ್ನ ಮರ್ಯಾದೆಗೆಂದು ಯಾವುದನ್ನೂ ಬಿಡಬೇಡ. ಅವಳಿಗೆ ಕನ್ನಡ ತಿಳಿಯದ ಕಡೆ ತುಳುವಿನಲ್ಲಿ ಹೇಳು. ಬರುತ್ತೇನೆ ಎಂದರೆ ಅವತ್ತೇ ಟಿಕೆಟ್ ಮಾಡುತ್ತೇನೆ. ಈ ಸಲ ನೋಡೋಣ ಎನ್ನುವುದಿಲ್ಲ.