ನರಿ ಬಿದ್ದಾಗಿನ ರಾಗ

ಮಾರ್ಚ್ ೧೪, ಶುಕ್ರವಾರ ಮಧ್ಯಾಹ್ನ

ಗುಬ್ಬಿಗೆ,

ಲಕೋಟೆಯ ಮೇಲಿನ ಕೈಬರಹ ನೋಡಿದ ಕೂಡಲೇ ಹರಿದು ಹಾಕಬೇಕು ಅನ್ನಿಸಿರುತ್ತದೆ. ಹರಿಯಬೇಡ ಎನ್ನುವ ಅಧಿಕಾರ ನನಗಿಲ್ಲ, ಓದಿ ಹರಿ. ನಿನ್ನ ಮನೆಯ ವಿಳಾಸ ಗೊತ್ತಿಲ್ಲದೆ ನೀನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಕಳಿಸುತ್ತಿದ್ದೇನೆ. ಅಂಗಡಿಯ ಹೆಸರನ್ನು ನೀನೇ ಊದ್ ಮೇಷ್ಟ್ರಿಗೆ ಬರೆದಿದ್ದೆ. ನಾಲ್ಕು ತಿಂಗಳು ಮೇಷ್ಟ್ರ ಹೆಸರಿನಲ್ಲಿ ನಿನಗೆ ಉತ್ತರ ಬರೆದವಳು ನಾನೆಂದು ನೀನು ಈಗ ಊಹಿಸಿರುತ್ತೀಯ. ಅದಕ್ಕೆ ಕ್ಷಮೆ ಕೇಳಬೇಕು. ಹೇಗಾಯಿತೆಂದು ಮೊದಲಿಂದ ಹೇಳುತ್ತೇನೆ. ಸುಳ್ಳು ಹೇಳುವ ವಯಸ್ಸು ನನಗೆ ದಾಟಿತು.

ನೀನು ಮನೆ ಬಿಟ್ಟ ಮೇಲೆ ಶಿಷ್ಯರೂ ಒಬ್ಬೊಬ್ಬರಾಗಿ ಜಾರಿಕೊಂಡರು. ಮದುವೆಗಳಿಗೆ ನಮ್ಮ ಅರಬ್ಬಿ ವಾದ್ಯಗಳು ಬೇಡವಾದವು. ಕೊನೆಗೆ ಉಳಿದವರು ನಾಲ್ಕೇ ಜನ. ಗುಡಾಣ ಹೊಟ್ಟೆಯ ತಂತಿವಾದ್ಯ ಊದ್ ಬಾರಿಸುವ, ಅದಕ್ಕಿಂತ ದೊಡ್ಡ ಹೊಟ್ಟೆಯ ಮೇಷ್ಟ್ರು. ಜೊಂಡಿನ ಕೊಳಲು ನಾಯ್ ಊದುವ ಹಲ್ಲಿನ ಡಾಕ್ಟರು. ಕಂಜೀರದಂಥ ರಿಕ್ ಹಿಡಿದ ದರ್ಜಿ ಅಕ್ಕ. ಕಾನೂನಿನ ತಂತಿಗಳನ್ನು ಮಡಿಲಲ್ಲಿಟ್ಟುಕೊಂಡ ನಾನು. ವಾದ್ಯದ ಹೆಸರೇ ಕಾನೂನ್, ಮನೆಯಲ್ಲಿ ನಡೆಯುವುದೂ ಅದರದ್ದೇ ಕಾನೂನು ಎಂದು ನಿಮ್ಮಪ್ಪ ಇದ್ದಾಗ ನಗುತ್ತಿದ್ದರು. ಗುರುವಾರ ಸಂಜೆ ಅಕ್ಕನ ಅಂಗಡಿಯ ಹಿಂಭಾಗದಲ್ಲಿ ಇಸ್ತ್ರಿ ಮೇಜು ಸರಿಸಿ ಕೂರುತ್ತಿದ್ದೆವು. ಈಗ ಜನ ವಿಡಿಯೋ ಗೇಮಿನ ಸಂಗೀತವನ್ನು ಹಳೆಯ ವಾದ್ಯಗಳಲ್ಲಿ ನುಡಿಸಿ ಇಂಟರ್ನೆಟ್ಟಿಗೆ ಹಾಕುತ್ತಾರಂತೆ, ಕೇಳುವವರೂ ಬಹಳವಂತೆ ಎಂದು ಅಕ್ಕ ಒಂದು ದಿನ ಸುದ್ದಿ ತಂದಳು. ಮೇಷ್ಟ್ರು ಮೂಗು ಮುರಿದರು. ನನಗೆ ಮಾತ್ರ ಒಂದು ರಾಗ ಬಾಯಿಪಾಠವಾಗಿತ್ತು.

ನಿನ್ನ ಎಂಟನೆಯ ವಯಸ್ಸಿನಿಂದ ಹದಿನಾಲ್ಕರವರೆಗೆ ಅದನ್ನು ನಾನು ಗೋಡೆಯಾಚೆಯಿಂದ ಕೇಳಿದ್ದೆ. ಕೊಡೆ ಹಿಡಿದ ನರಿಯೊಂದು ಮಾಳಿಗೆಯಿಂದ ಮಾಳಿಗೆಗೆ ಹಾರುವ ಆಟ. ಒಂದು ದಿನವೂ ಒಳಗೆ ಬಂದು ನೋಡಿದವಳಲ್ಲ. ಅಭ್ಯಾಸದ ಹೊತ್ತಾದರೆ ಗೋಡೆಗೆ ಗುದ್ದುತ್ತಿದ್ದೆ. ಗುದ್ದಿದ ಮರುಕ್ಷಣ ಹನ್ನೊಂದು ಸ್ವರಗಳ ಆ ಪುಟ್ಟ ರಾಗ ಕೇಳಿಸುತ್ತಿತ್ತು, ಅದರ ಹಿಂದೆಯೇ ನೀನು ಬಂದು ಕೂರುತ್ತಿದ್ದೆ. ಗೆದ್ದಾಗ ಬರುವ ರಾಗ, ಮಗು ಗೆದ್ದು ಖುಷಿಯಿಂದ ಎದ್ದು ಬರುತ್ತಿದೆ ಎಂದುಕೊಂಡಿದ್ದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎನ್ನುತ್ತ ನಿನ್ನನ್ನು ನಾಲ್ಕು ಗಂಟೆ ಕೂರಿಸುತ್ತಿದ್ದವಳಿಗೆ ಬೇರೇನು ತೋಚೀತು.

ಆಟದ ರಾಗ ಪಿಯಾನೋದ ಮನೆಗಳಿಗೆ ಕಟ್ಟುಬಿದ್ದದ್ದು. ಅದರ ಮೂರನೆಯ ಸ್ವರವನ್ನು ನಾವು ಎರಡು ಮನೆಗಳ ನಡುವಿನ ಸಂದಿಗೆ ಇಳಿಸಿದೆವು. ಅರಬ್ಬರ ಸಂಗೀತದ ಜೀವವೆಲ್ಲ ಅಂಥ ಸಂದಿಗಳಲ್ಲಿರುತ್ತದೆ, ಅದಕ್ಕೆಂದೇ ಕಾನೂನಿನ ತಂತಿಗಳ ಬುಡದಲ್ಲಿ ಸ್ವರವನ್ನು ಕೂದಲೆಳೆಯಷ್ಟು ಏರಿಳಿಸುವ ಆ ಹಿತ್ತಾಳೆಯ ಕೀಲುಗಳು. ಆರು ವರ್ಷದವಳಿದ್ದಾಗಲೇ ಅವುಗಳಲ್ಲಿ ಬೆರಳು ಜಜ್ಜಿಕೊಂಡವಳಿಗೆ ಇದನ್ನೆಲ್ಲ ಏಕೆ ವಿವರಿಸುತ್ತಿದ್ದೇನೋ. ಗೆಲುವಿನ ರಾಗವಲ್ಲವೇ ಎಂದು ದರ್ಜಿ ಅಕ್ಕ ಮದುವೆ ಮೆರವಣಿಗೆಯ ತಾಳ ಹಾಕಿದಳು. ಡಾಕ್ಟರು ಕುಣಿಯುವಂತೆ ಊದಿದರು. ನಮ್ಮ ಮುಖ ನೋಡಿ ಯಾರು ಕೇಳುತ್ತಾರೆಂದು ಬರೀ ವಾದ್ಯಗಳ ಫೋಟೋ ಇಟ್ಟು, ಊದ್ ಮೇಷ್ಟ್ರೊಬ್ಬರ ಹೆಸರು ಹಾಕಿ, "ಗೆದ್ದ ನರಿ" ಎಂದು ಹೆಸರಿಟ್ಟು ಇಂಟರ್ನೆಟ್ಟಿಗೆ ಹಾಕಿದೆವು. ಉಳಿದ ಮೂವರಿಗೆ ಟೈಪು ಮಾಡಲು ಬಾರದ ಕಾರಣ ಅದನ್ನೆಲ್ಲ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂತು.

ಮೂರನೆಯ ದಿನ "ಕೊಡೆ" ಎಂಬ ಹೆಸರಿನಲ್ಲಿ ಯಾರೋ ಬರೆದಿದ್ದರು: "ಮೇಷ್ಟ್ರೇ, ಚೆನ್ನಾಗಿದೆ. ಆದ್ರೆ ಇದು ನರಿ ಗೆದ್ದಾಗ ಬರೋದಲ್ಲ, ಬಿದ್ದಾಗ ಬರೋದು. ನಿಧಾನವಾಗಿ ನುಡಿಸಿ. ಕಾನೂನ್‌ನವರಿಗೆ ಮೂರನೇ ಸ್ವರದ ಕೀಲು ಇನ್ನೊಂದು ಇಳಿಸೋಕೆ ಹೇಳಿ, ಆಗ ನೋಯುತ್ತೆ."

ನಾಲ್ಕು ಜನ ಮುದುಕರು ಸೇರಿ ಸಾವಿನ ರಾಗಕ್ಕೆ ಮೆರವಣಿಗೆಯ ತಾಳ ಹಾಕಿದ್ದೆವು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ನಗು ಬರಲಿಲ್ಲ ಗುಬ್ಬಿ. ನಾನು ಗೋಡೆಗೆ ಗುದ್ದಿದಾಗ ನೀನು ಆಟ ಬಿಟ್ಟು ಏಳುತ್ತಿದ್ದೆ, ನರಿ ಬೀಳುತ್ತಿತ್ತು. ಆರು ವರ್ಷ ನಿನ್ನ ನರಿಯನ್ನು ದಿನಕ್ಕೆ ಎರಡು ಸಲ ಬೀಳಿಸಿದವಳು ನಾನು. ಆ ರಾಗ ನನಗೆ ಬಾಯಿಪಾಠವಾದದ್ದು ಅದಕ್ಕೇ.

ಕೀಲಿನ ಮಾತು ಓದಿ ಯಾರೋ ಬಲ್ಲವರಿರಬೇಕು ಎಂದುಕೊಂಡೆ, ಅಷ್ಟೆ. ಮೇಷ್ಟ್ರ ಹೆಸರಿನಲ್ಲೇ ಉತ್ತರ ಬರೆದೆ. ನೀನು ಮತ್ತೆ ಬರೆದೆ. ಯಾವ ರಾಗ ಯಾವ ಮಾಳಿಗೆಯದು, ಎಲ್ಲಿ ನಾಯ್ ಒಂದೇ ಇರಬೇಕು, ಎಲ್ಲಿ ಊದ್ ಸುಮ್ಮನಾಗಬೇಕು ಎಂದೆಲ್ಲ ನೀನು ಹೇಳಿಕೊಟ್ಟಂತೆ ಆರು ರಾಗ ಮುಗಿದವು. ಗುರುವಾರ ಬಂತೆಂದರೆ ಮೂವರೂ ಕೊಡೆ ಏನು ಹೇಳಿದಳು ಎಂದು ಕೇಳುವರು. ಒಮ್ಮೆ ನೀನು, ನಿಮ್ಮಂಥವರ ಹತ್ತಿರ ಕಲಿತಿದ್ದರೆ ನಾನು ವಾದ್ಯ ಬಿಡುತ್ತಿರಲಿಲ್ಲ ಎಂದು ಬರೆದಿದ್ದೆ. ಯಾರ ಹತ್ತಿರ ಕಲಿತಿರಿ ಎಂದು ಕೇಳಿದೆ. ಅಮ್ಮನ ಹತ್ತಿರ, ಅಮ್ಮ ತೀರಿಹೋಗಿ ಒಂಬತ್ತು ವರ್ಷವಾಯಿತು ಎಂದು ಬಂತು ಉತ್ತರ. ಯಾರದೋ ಮಗಳು, ಪಾಪ ಎನಿಸಿತು. ನಿಮ್ಮ ತಾಯಿ ಇದ್ದಿದ್ದರೆ ಹೆಮ್ಮೆಪಡುತ್ತಿದ್ದರು, ಅವರ ಆತ್ಮಕ್ಕೆ ಶಾಂತಿ ಸಿಗಲಿ ಎಂದು ನಾಲ್ಕು ಸಾಲು ಬರೆದು ಕಳಿಸಿದೆ.

ಏಳನೆಯದು ಕೊನೆಯ ಮಾಳಿಗೆಯ ರಾಗ. ಚಿಕ್ಕಂದಿನಲ್ಲಿ ಅಲ್ಲಿಯವರೆಗೆ ತಲುಪಲು ಯಾರೂ ನಿನ್ನನ್ನು ಬಿಡಲಿಲ್ಲವಂತೆ, ದೊಡ್ಡವಳಾದ ಮೇಲೆ ಆಟವನ್ನು ಮತ್ತೆ ಹುಡುಕಿ ತಂದು ಕೇಳಿದೆಯಂತೆ. ನಮ್ಮ ಮೊದಲ ಪ್ರಯತ್ನವನ್ನು ನಿನಗೆ ಕಳಿಸಿದೆ. ಶುರು ಮಾಡುವ ಮುಂಚೆ ನಾನು ಕಡೆಯ ತಂತಿಯನ್ನು ಎರಡು ಸಲ ಮೀಟಿ ನೋಡುವುದು ನಿನಗೆ ಗೊತ್ತು. ಮೇಷ್ಟ್ರು ಗೊಣಗುತ್ತಾರೆಂದು ಪ್ರತಿಸಲವೂ ಆ ಭಾಗ ಕತ್ತರಿಸಿ ಹಾಕುತ್ತಿದ್ದೆ. ಅಂದು ಮರೆತೆ. ಹತ್ತು ನಿಮಿಷದಲ್ಲಿ ನಿನ್ನ ಒಂದೇ ಸಾಲು ಬಂತು: "ಇದು ಅಮ್ಮನ ಕೈ." ಸಂಜೆಯೊಳಗೆ ಕೊಡೆಯ ಹೆಸರೂ ಇರಲಿಲ್ಲ, ನೀನು ನಾಲ್ಕು ತಿಂಗಳು ಬರೆದದ್ದರಲ್ಲಿ ಒಂದಕ್ಷರವೂ ಉಳಿದಿರಲಿಲ್ಲ. ಕೊಡೆ ಎಂದರೆ ನೀನು ಎಂಬುದು ನನಗೂ ಗೊತ್ತಾದದ್ದು ಆಗಲೇ.

ಒಂಬತ್ತು ವರ್ಷದ ಹಿಂದೆ ಅಷ್ಟು ಶಿಷ್ಯರ ಮುಂದೆ ನಾನು ಆಡಿದ ಮಾತನ್ನು ಇಲ್ಲಿ ಬರೆಯಲಾರೆ. ನಿನ್ನ ಕೈಗಿಂತ ಮರದ ಕೊರಡು ವಾಸಿ ಎಂದಿದ್ದೆ. ನೋಡು, ಬರೆಯಲಾರೆ ಎನ್ನುತ್ತಲೇ ಬರೆದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಂದು ನೀನು ಬೆರಳಿಂದ ಮೀಟುಗೋಲಿನ ಉಂಗುರ ಕಳಚಿ ಮೇಜಿನ ಮೇಲಿಟ್ಟು ಹೋದೆ. ಸಂಜೆಗೆ ಬರುತ್ತಾಳೆ ಬಿಡಿ ಎಂದು ನಾನು ಪಾಠ ಮುಂದುವರಿಸಿದೆ.

ಮುಂದಿನ ಗುರುವಾರ ಮೇಷ್ಟ್ರಿಗೆ ನಡೆದದ್ದೆಲ್ಲ ಹೇಳಿದೆ. ಅವರು ಊದನ್ನು ಒರೆಸುತ್ತ, "ತಾಯೀ, ನನ್ನ ಹೆಸರಲ್ಲಿ ಅಷ್ಟು ಚೆನ್ನಾಗಿ ಮಾತಾಡ್ತೀರ. ನಿಮ್ಮ ಹೆಸರಲ್ಲಿ ಯಾಕೆ ಆಗ್ಲಿಲ್ಲ?" ಎಂದರು. ಆ ಗುರುವಾರದ ನಂತರ ನಾವು ಕೂತಿಲ್ಲ. ಡಾಕ್ಟರು ಮಗನ ಊರಿಗೆ ಹೋದರು. ದರ್ಜಿ ಅಕ್ಕ ಹಿಂಭಾಗದಲ್ಲಿ ಬಟ್ಟೆಯ ಗಂಟು ಪೇರಿಸಿದ್ದಾಳೆ.

ನೀನು ನನಗೆ ಬರೆಯುತ್ತೀಯೆಂಬ ಆಸೆ ನನಗಿಲ್ಲ. ಆದರೆ ಈ ಆರು ರಾಗಗಳಲ್ಲಿ ನೀನು ಮತ್ತೆ ವಾದ್ಯದ ಹತ್ತಿರ ಬಂದಿದ್ದೆ, ಅದು ನನ್ನಿಂದ ಎರಡನೆಯ ಸಲ ಕೆಟ್ಟಿತು. ಆದ್ದರಿಂದ ಪಾಸ್‌ವರ್ಡನ್ನು ಮೇಷ್ಟ್ರಿಗೆ ಕೊಟ್ಟೆ, ನನಗೆ ತಿಳಿಯದಂತೆ ಬದಲಿಸಿಕೊಳ್ಳಿ ಎಂದೆ. ಬದಲಿಸಿದ್ದಾರೆ. ಒಂದೇ ಬೆರಳಿನಲ್ಲಿ ಟೈಪು ಮಾಡುವುದನ್ನು ಕಲಿಯುತ್ತಿದ್ದಾರೆ, ಉತ್ತರ ತಡವಾದರೆ ಬೇಸರ ಮಾಡಿಕೊಳ್ಳಬೇಡ. ಏಳನೆಯ ರಾಗದ ವಿಷಯ ಅವರಿಗೆ ಬರಿ. ಕಾನೂನಿಗೆ ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ನಾನು ಓದುವುದಿಲ್ಲ, ನುಡಿಸುವುದೂ ಇಲ್ಲ. ಇಷ್ಟಾದ ಮೇಲೂ ನೀನು ಬರೆಯಲಾರೆ ಎಂದು ಮೇಷ್ಟ್ರು ಹೇಳುತ್ತಾರೆ. ಅವರ ಮಾತು ಸಾಮಾನ್ಯವಾಗಿ ಸುಳ್ಳಾಗುವುದಿಲ್ಲ.

ಕಣ್ಣು ನೋಡಿಕೋ, ಇಡೀ ದಿನ ಮಸೂರ ಉಜ್ಜುವ ಕೆಲಸ.

ಇಂತಿ,
ನಿನ್ನನ್ನು ಗೋಡೆಯಾಚೆಯಿಂದ ಮಾತ್ರ ಕೇಳಿದ
ಅಮ್ಮ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಸುಳ್ಳಿದೆ. ಆ ಸ್ವರಕ್ಕೆ ಇನ್ನೊಂದು ಕೀಲು ಇಳಿಸು ಎಂದು ಯಾವ ಗುರುವೂ ಹೇಳುವುದಿಲ್ಲ, ಅದು ನನ್ನೊಬ್ಬಳ ಹಟ, ಕಲಿಸಿದ್ದು ನಿನಗೊಬ್ಬಳಿಗೇ. ಕೊಡೆ ಯಾರೆಂದು ನನಗೆ ಮೊದಲ ದಿನವೇ ಗೊತ್ತಿತ್ತು. ನಿನ್ನ ತಾಯಿಯ ಸಾವಿಗೆ ಸಂತಾಪ ಬರೆಯುವಾಗಲೂ ಗೊತ್ತಿತ್ತು. ಏಳನೆಯ ರಾಗದಲ್ಲಿ ಆ ಎರಡು ಮೀಟನ್ನು ಕತ್ತರಿಸಲು ನಾನು ಮರೆಯಲಿಲ್ಲ, ಬೇಕೆಂದೇ ಬಿಟ್ಟೆ. ನಿನ್ನ ಪಾಲಿಗೆ ಸತ್ತ ಅಮ್ಮ ಸತ್ತಿಲ್ಲ ಎಂದು ನಿನಗೆ ಗೊತ್ತಾಗಲಿ ಎಂದು. ಗೊತ್ತಾದರೆ ನಿನಗೆ ಒಂದು ಚೂರಾದರೂ ಸಂತೋಷವಾದೀತು ಅಂದುಕೊಂಡಿದ್ದೆ.